ಶಕುನದ ಹಲ್ಲಿಯ ಗುಡಿಗೆ ನುಗ್ಗುವ ಮುನ್ನ

ಈಜಿಪ್ಟಿನ ಸೀವಾ ಓಯಸಿಸ್‌ನ ಅಮುನ್ ದೇವರು ಪ್ರಶ್ನೆ ಕೇಳಲು ಬಂದವರಿಗೆ ಬಾಯಿಬಿಟ್ಟು ಉತ್ತರ ಹೇಳುತ್ತಿರಲಿಲ್ಲ. 80 ಪೂಜಾರಿಗಳು ಮೂರ್ತಿಯನ್ನು ಚಿನ್ನದ ದೋಣಿಯಲ್ಲಿಟ್ಟು ಹೊತ್ತು, ದೇವರು ಒಯ್ದತ್ತ ನಡೆಯುತ್ತಿದ್ದರಂತೆ, ಅದೇ ಉತ್ತರ. ಹಾಗೆಂದು ಗ್ರೀಕ್ ಇತಿಹಾಸಕಾರ ಡಿಯೋಡೊರಸ್ ಬರೆದಿದ್ದಾನೆ. 80 ಜನ ಒಂದೇ ದಿಕ್ಕಿಗೆ ಹೆಜ್ಜೆ ಹಾಕಿದ್ದೇ ದೊಡ್ಡ ಪವಾಡ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಮರುಭೂಮಿ ದಾಟಿ ಬಂದದ್ದು ಇಲ್ಲಿಗೇ.

'ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್' (2017) ವಿಡಿಯೊ ಆಟದ ನಾಯಕ ಬಾಯೆಕ್ ಈ ಗುಡಿಗೆ ಹೋಗುವುದು ಪ್ರಶ್ನೆ ಕೇಳಲಿಕ್ಕಲ್ಲ, ದೈವವಾಣಿಯ ಒಡೆಯ ಮೆಡುನಾಮುನ್‌ನನ್ನು ಮುಗಿಸಲಿಕ್ಕೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಅನ್ನುತ್ತಾರಲ್ಲ, ಇವನದೂ ಅದೇ ಕಥೆ. ತಲೆಯ ಮೇಲೆ ಬಾಯೆಕ್‌ನ ಹದ್ದು ಸೇನು ಸುತ್ತುತ್ತಿದ್ದರೂ ಇವನಿಗೆ ಏನೂ ಹೊಳೆಯುವುದಿಲ್ಲ.

ಆದರೆ ಮೊದಲು ಬಚ್ಚಲಿಗೆ ಬೀಳುವವರು ಆಟಗಾರರೇ. ಹದ್ದನ್ನು ಹಾರಿಸಿ ಕಾವಲುಗಾರರನ್ನು ಗುರುತು ಮಾಡಿಕೊಳ್ಳುವಷ್ಟು ತಾಳ್ಮೆ ಯಾರಿಗೂ ಇಲ್ಲ. ಗುರುತಾದವರು ಗೋಡೆಯ ಆಚೆಗೂ ಕಾಣುತ್ತಾರೆ. ಗುರುತಾಗದೆ ಉಳಿದ ಆ ಒಬ್ಬ ಬಿಲ್ಲುಗಾರ ಮಾತ್ರ ನೀವು ಅರ್ಧ ಗೋಡೆ ಹತ್ತಿದಾಗಲೇ ದರ್ಶನ ಕೊಡುತ್ತಾನೆ. ಶತ್ರುವಿನ ತಲೆಯ ಮೇಲೆ ಕೆಂಪು ಬುರುಡೆ ಕಂಡರೆ ಶೌರ್ಯ ಬೇಡ. ಅವನ ಹಂತ ನಿಮಗಿಂತ ಬಹಳ ಮೇಲಿದೆ, ನಿಮ್ಮ ಏಟು ಅವನಿಗೆ ಕಚಗುಳಿ. ಊರವರ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು ಹಂತ ಏರಿಸಿಕೊಂಡು ಬನ್ನಿ.

ಕಾವಲಿನ ಜಾಗದಲ್ಲಿ ಬೆಂಕಿಗೂಡು ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಗಾಬರಿಯಾದ ಕಾವಲುಗಾರ ಓಡಿಹೋಗಿ ಅದನ್ನು ಹೊತ್ತಿಸಿದನೋ, ಸಹಾಯಕ್ಕೆ ಇನ್ನಷ್ಟು ಜನ ಬಂದರೆಂದೇ ಲೆಕ್ಕ. ಮೊದಲೇ ಕದ್ದುಹೋಗಿ ಅದರಲ್ಲಿ ಬಲೆ ಇಟ್ಟರೆ, ಹೊತ್ತಿಸುವವನ ಮುಖಕ್ಕೇ ಅದು ಸಿಡಿಯುತ್ತದೆ. ಇಷ್ಟು ನೀಟಾಗಿ ಕೆಲಸ ಮಾಡಿದವರೇ ಹೆಣವನ್ನು ದಾರಿ ಮಧ್ಯೆ ಬಿಟ್ಟು ಮುಂದೆ ಹೋಗುತ್ತಾರೆ! ಹೆಣ ಹೊರಲು ಬರುತ್ತದೆ, ಎತ್ತಿಕೊಂಡು ಹೋಗಿ ಪೊದೆಯಲ್ಲಿ ಹಾಕಿ.

ಪೊದೆಯೊಳಗಿಂದ ಶಿಳ್ಳೆ ಹೊಡೆದರೆ ಕಾವಲುಗಾರ ತಾನಾಗಿ ಹತ್ತಿರ ಬರುತ್ತಾನೆ. ಇಬ್ಬರು ಜೋಡಿಯಾಗಿ ನಿಂತಿರುವಾಗ ಮಾತ್ರ ಬಾಯಿ ಮುಚ್ಚಿಕೊಂಡಿರಿ.

ರಾತ್ರಿ ಕೆಲವರು ಮಲಗುತ್ತಾರೆ, ಕೆಲಸ ಹಗುರ. ಕತ್ತಲಾಗುವವರೆಗೆ ಕಾಯಲು ಬೇಜಾರಾದರೆ 'ಡಾನ್ ಆ್ಯಂಡ್ ಡಸ್ಕ್' ಕೌಶಲಕ್ಕೆ ಅಂಕ ಖರ್ಚು ಮಾಡಿ. ಬಾಯೆಕ್ ಕೂತಲ್ಲೇ ಹೊತ್ತು ಮುಳುಗುತ್ತದೆ. ಪಂಜು ಹಿಡಿದವರು ಎಣ್ಣೆ ಮಡಕೆಗಳಿಂದ ದೂರವಿರಿ. ಬೆಂಕಿಗೆ ಸ್ವಪಕ್ಷ, ಪರಪಕ್ಷ ಎಂಬ ಭೇದವಿಲ್ಲ.

ಇದೆಲ್ಲ ಯಾರಿಗೆ ಬೇಕು ಅನ್ನುವವರಿಗೆ 2018ರಲ್ಲಿ ಬಂದ, ಇದೇ ಆಟದ ಈಜಿಪ್ಟನ್ನು ಸುಮ್ಮನೆ ಸುತ್ತಿ ನೋಡುವ 'ಡಿಸ್ಕವರಿ ಟೂರ್' ಇದೆ: 75 ಪ್ರವಾಸಗಳು, ಕತ್ತಿ ಎತ್ತುವವರು ಯಾರೂ ಇಲ್ಲ.