ರಾಯಭಾರಿಯ ಹಮಾಲಿ

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವರನ್ನು ಶೋಕಿ ಮಾಡುತ್ತಾರೆಂದು ಯಾರೂ ಆಡಿಕೊಳ್ಳುವುದಿಲ್ಲ. ಹಾಗಾಗಿ ಅಕ್ಕನ ಮಗಳನ್ನು ಕನ್ನಡಕದ ಕಂಪನಿಯೊಂದು ತನ್ನ ಬ್ರ್ಯಾಂಡ್ ರಾಯಭಾರಿಯಾಗಿ ಆರಿಸಿಕೊಂಡಿದೆ ಎಂಬ ಸುದ್ದಿ ಬಂದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಕನ್ನಡಕದವರು ಈ ಊರಿನಲ್ಲಿ ಹುಡುಕದೆ ಇನ್ನೆಲ್ಲಿ ಹುಡುಕಬೇಕು, ಮಡಿಕೇರಿಯಲ್ಲೇ? ಅಕ್ಕನಂತೂ ಮಾಲಪುರಿ ತರಿಸಿ ಓಣಿಗೆಲ್ಲ ಹಂಚುವ ಲೆಕ್ಕಾಚಾರದಲ್ಲಿದ್ದಳು.

ಮೊಬೈಲ್ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂಬ ತಪ್ಪು ತಿಳಿವಳಿಕೆ ನಮ್ಮ ಬಳಗದಲ್ಲಿ ಬೇರೂರಿದೆ. ನಾನೂ ಅದನ್ನು ಕೀಳುವ ಗೋಜಿಗೆ ಹೋಗಿಲ್ಲ. ಹಾಗಾಗಿ ಆಯ್ಕೆಯ ಆದೇಶ ಪರಿಶೀಲನೆಗಾಗಿ ನನ್ನ ಮುಂದೆ ಬಂತು. ಕೋಟೆಯ ಮುಂದೆ ನಿಂತು ತೆಗೆಸಿಕೊಂಡು ಇನ್‌ಸ್ಟಾಗ್ರಾಂಗೆ ಹಾಕಿದ್ದ ಅವಳ ಫೋಟೋದ ಕೆಳಗೆ ಬೆಂಕಿಯ ಚಿತ್ರಗಳ ನಡುವೆ ಒಂದು ಕಮೆಂಟ್ ಇತ್ತು: ‘ನಿಮ್ಮ ಸ್ಟೈಲ್ ನಮಗೆ ತುಂಬ ಹಿಡಿಸಿತು! ನಮ್ಮೊಂದಿಗೆ ಕೈಜೋಡಿಸಲು ನಮ್ಮ ಮುಖ್ಯ ಖಾತೆಗೆ ಸಂದೇಶ ಕಳುಹಿಸಿ.’

“ಮಾಮಾ, ಅವರಾಗಿಯೇ ಹುಡುಕಿಕೊಂಡು ಬಂದಿದ್ದಾರೆ” ಎಂದಳು.

ಅಷ್ಟರಲ್ಲಿ ಭಾವ ತಮ್ಮ ಮೊಬೈಲನ್ನು ಮುಂದೆ ಚಾಚಿದರು. ಅವರದು ಕಾಳುಕಡಿಯ ಮಾರುಕಟ್ಟೆಯಾದ ನೆಹರೂ ಗಂಜ್‌ನಲ್ಲಿ ಅಡತ್ (ದಲಾಲಿ) ಅಂಗಡಿ. ಇನ್‌ಸ್ಟಾಗ್ರಾಂಗೆ ಅವರು ಹಾಕುವುದು ತೊಗರಿಯ ಚಿತ್ರಗಳನ್ನು ಮಾತ್ರ. 2019ರಲ್ಲಿ ಇಲ್ಲಿಯ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲೆ ಆ ಗೌರವದಲ್ಲಿ ತಮಗೂ ಒಂದು ಪಾಲಿದೆ ಎಂದು ನಂಬಿದವರು ಅವರು. ಮೂರು ಸಾಲಾಗಿ ಪೇರಿಸಿದ ಚೀಲಗಳ ಚಿತ್ರ. ಮನುಷ್ಯರೆಂದರೆ ಅದರಲ್ಲಿ ಅಂಚಿಗೆ ಕಾಣುವ ಹಮಾಲರೊಬ್ಬರ ಮೊಣಕೈ ಅಷ್ಟೇ. ಅದರ ಕೆಳಗೂ ಅದೇ ಕಂಪನಿ, ಅದೇ ಬೆಂಕಿ: ‘ನಿಮ್ಮ ಸ್ಟೈಲ್ ನಮಗೆ ತುಂಬ ಹಿಡಿಸಿತು!’

ಚೀಲಗಳ ಸ್ಟೈಲ್ ಮೆಚ್ಚಿದ ಕಂಪನಿಯ ಅಭಿರುಚಿಯ ಮೇಲೆ ಅನುಮಾನ ಹುಟ್ಟಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಆದರೂ ಪರಿಣತನೆನಿಸಿಕೊಂಡವನು ಗುಂಡಿಗಳನ್ನೊತ್ತಿ ತೋರಿಸದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಖಾತೆಯ ಹೆಸರಿನ ಮೇಲೆ ಒತ್ತಿದರೆ ‘ಈ ಖಾತೆಯ ಬಗ್ಗೆ’ ಎಂಬ ಪುಟ ತೆರೆದುಕೊಳ್ಳುತ್ತದೆ. ಅದು ಯಾವಾಗ ಹುಟ್ಟಿತು, ಹಿಂದೆ ಎಷ್ಟು ಸಲ ಹೆಸರು ಬದಲಿಸಿತು ಎಂಬ ಜಾತಕವೆಲ್ಲ ಅಲ್ಲಿರುತ್ತದೆ. ‘ಅನೇಕ ವರ್ಷಗಳ ಪರಂಪರೆ’ ಎಂದು ಬರೆದುಕೊಂಡಿದ್ದ ಈ ಕಂಪನಿ ಹುಟ್ಟಿದ್ದು ಕಳೆದ ದೀಪಾವಳಿಯ ಆಚೀಚೆ. “ನೀಲಿ ಟಿಕ್ ಇದೆಯಲ್ಲ ಮಾಮಾ?” ಎಂದಳು. ನಮ್ಮ ದೇಶದಲ್ಲಿ 2023ರಿಂದ ಆ ಟಿಕ್ಕಿಗೂ ತಿಂಗಳ ಬಾಡಿಗೆ ಕಟ್ಟಬಹುದು ಎಂದು ಹೇಳಬೇಕಾಯಿತು.

ಅವಳು ಆಗಲೇ ಮುಖ್ಯ ಖಾತೆಗೆ ಬರೆದಿದ್ದಳು. ಉತ್ತರವೂ ಬಂದಿತ್ತು: ಅಭಿನಂದನೆಗಳು, 3,999 ರೂಪಾಯಿಯ ಕನ್ನಡಕ ರಾಯಭಾರಿಗೆ ಸಂಪೂರ್ಣ ಉಚಿತ, ಕೊರಿಯರ್ ಮತ್ತು ನಿರ್ವಹಣೆಗೆಂದು 899 ರೂಪಾಯಿ ಕಳುಹಿಸಿದರೆ ಸಾಕು. ಅವಳ ಹೆಸರಿನಲ್ಲಿ ಒಂದು ಕೋಡ್ ಕೊಡುತ್ತಾರೆ, ಅದನ್ನು ಬಳಸಿ ಯಾರಾದರೂ ಕೊಂಡರೆ ಅವಳಿಗೆ ಕಮಿಷನ್. ಅವಳ ಫಾಲೋವರ್‌ಗಳಲ್ಲಿ ಅರ್ಧದಷ್ಟು ಜನ ಬೀಗರು, ಉಳಿದವರು ಕಾಲೇಜಿನ ಗೆಳತಿಯರು. ಮುಂದೆ ಯಾರ ಕಿಸೆಗೆ ಕೈ ಹೋಗಲಿದೆ ಎಂಬುದು ಸ್ಪಷ್ಟವಾಗಿತ್ತು.

ಗೂಗಲ್ ಲೆನ್ಸ್‌ನಲ್ಲಿ ಆ ಕನ್ನಡಕದ ಚಿತ್ರ ಹಾಕಿ ನೋಡಿದೆ. ಸಗಟು ಮಾರಾಟದ ತಾಣವೊಂದರಲ್ಲಿ ಅದೇ ಮಾಲು ಡಜನ್ ಲೆಕ್ಕದಲ್ಲಿ ಬಿದ್ದಿತ್ತು. ಒಂದಕ್ಕೆ ನೂರು ರೂಪಾಯಿಯೂ ಬೀಳುತ್ತಿರಲಿಲ್ಲ. ಅಂದರೆ ‘ಉಚಿತ’ ಕನ್ನಡಕದ ಬೆಲೆ, ಅದನ್ನು ಕಳುಹಿಸುವ ಖರ್ಚು, ಮೇಲೆ ಗಟ್ಟಿ ಲಾಭ, ಎಲ್ಲವೂ ಆ 899ರ ಹೊಟ್ಟೆಯಲ್ಲೇ ಇದ್ದವು.

ನಾನು ಇದನ್ನೆಲ್ಲ ವಿವರಿಸಲು ಒದ್ದಾಡುತ್ತಿದ್ದಾಗ ಭಾವ ಒಂದೇ ಏಟಿಗೆ ಮುಗಿಸಿದರು. “ರೈತನ ಮಾಲು ಮಾರಿಕೊಟ್ಟ ಮೇಲೆ ನನಗೆ ದಲಾಲಿ ಬರುತ್ತದೆ. ಮಾರಿಕೊಡುವವನೇ ಮೊದಲು ದುಡ್ಡು ಎಣಿಸಿ ಕೊಟ್ಟರೆ ಅವನನ್ನು ಗಂಜ್‌ನಲ್ಲಿ ಗಿರಾಕಿ ಎನ್ನುತ್ತಾರೆ. ಅದಿರಲಿ, 899 ರೂಪಾಯಿ ಹಮಾಲಿ ಎಂದರೆ ಏನದು? ಒಂದು ಕ್ವಿಂಟಲ್ ತೊಗರಿಯನ್ನು ಲಾರಿಗೆ ಏರಿಸಿ ಇಳಿಸಿದರೂ ಅಷ್ಟಾಗುವುದಿಲ್ಲ. ಕನ್ನಡಕವನ್ನು ಎಷ್ಟು ಜನ ಹೊತ್ತು ತರುತ್ತಾರೆ?”

ಅವ್ವನಿಗೆ ಈ ಚರ್ಚೆಯಲ್ಲಿ ತಿಳಿದದ್ದು ಮೊಮ್ಮಗಳಿಗೆ ಕಪ್ಪು ಕನ್ನಡಕ ಬೇಕಾಗಿದೆ ಎಂಬುದಷ್ಟೇ. ಒಳಗೆ ಹೋಗಿ, ಕಣ್ಣಿನ ಪೊರೆಯ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ತಂದಳು. ಪಕ್ಕಗಳಲ್ಲೂ ಮುಚ್ಚಿಗೆಯಿರುವ, ಅರ್ಧ ಮುಖ ನುಂಗುವ ಕನ್ನಡಕ. “ಗಾಳಿ, ಧೂಳು ಏನೂ ಒಳಗೆ ಬರುವುದಿಲ್ಲ, ಹಾಕಿಕೋ” ಎಂದಳು. ಗುಣಮಟ್ಟದ ಬಗ್ಗೆ ಇಷ್ಟು ಪ್ರಾಮಾಣಿಕ ಪ್ರಚಾರವನ್ನು ನಾನು ಇನ್‌ಸ್ಟಾಗ್ರಾಂನಲ್ಲಿ ಕಂಡಿಲ್ಲ.

ಅಕ್ಕ ಮಾತ್ರ ಇನ್ನೂ ಆಸೆ ಬಿಟ್ಟಿರಲಿಲ್ಲ. ಊರಲ್ಲಿ ಶಾಲು, ಹಾರ, ಫಲಕಕ್ಕೆ ತಾವೇ ದುಡ್ಡು ತೆತ್ತು ಪ್ರಶಸ್ತಿ ಪಡೆದವರಿದ್ದಾರೆ, 899ಕ್ಕೆ ರಾಯಭಾರಿ ಪಟ್ಟ ಅಗ್ಗವೇ ಎಂಬುದು ಅವಳ ವಾದ. ಅದನ್ನು ತಳ್ಳಿಹಾಕುವುದು ನನಗೂ ಸುಲಭವಾಗಿರಲಿಲ್ಲ. ಕೊನೆಗೆ ಕಾನೂನಿನ ಮೊರೆ ಹೋದೆ. ಉಚಿತ ವಸ್ತು ಅಥವಾ ರಿಯಾಯಿತಿ ಪಡೆದು ಪ್ರಚಾರ ಮಾಡುವವರು ಅದನ್ನು ಎದ್ದು ಕಾಣುವಂತೆ ಹೇಳಿಕೊಳ್ಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಹತ್ತು ಲಕ್ಷ ಎಂದ ಕೂಡಲೇ ಅಕ್ಕ ಮಾಲಪುರಿಯ ಅಂಗಡಿಗೆ ಫೋನ್ ಮಾಡಿ ಆರ್ಡರ್ ರದ್ದು ಮಾಡಿದಳು. ಕಾನೂನಿನಿಂದ ನನಗಾದ ನಷ್ಟ ಅದೊಂದೇ.

ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ಮನೆಯಲ್ಲಿ ಆ ಪ್ರಮೇಯ ಬರಲಿಲ್ಲ. ಖಾತೆಯ ಬಗ್ಗೆ ದೂರು ದಾಖಲಿಸಿ, ಬ್ಲಾಕ್ ಮಾಡಿ ಮುಗಿಸು ಎಂದೆ. ಹುಡುಗಿ ಅಪ್ಪನ ಮಗಳು. ಅದಕ್ಕೂ ಮೊದಲು ಕಂಪನಿಗೆ ತನ್ನ ದರ ಬರೆದು ಕಳುಹಿಸಿದಳು: ಒಂದು ಫೋಟೋಗೆ ಎರಡು ಸಾವಿರ, ವಿಡಿಯೊಗೆ ಐದು ಸಾವಿರ, ಅರ್ಧ ಮುಂಗಡ, ಕೊರಿಯರ್ ಖರ್ಚು ಕಂಪನಿಯದೇ.

ನಿಮಿಷದೊಳಗೆ ಉತ್ತರ ಬಂತು. ಅಭಿನಂದನೆಗಳು, ನೀವು ವಿಶೇಷ ರಾಯಭಾರಿಯಾಗಿ ಬಡ್ತಿ ಪಡೆದಿದ್ದೀರಿ, ಇಂದು ರಾತ್ರಿಯವರೆಗೆ ಮಾತ್ರ ಕೊರಿಯರ್ ಖರ್ಚು 449 ರೂಪಾಯಿ.

ನಾನು ಬ್ಲಾಕ್ ಮಾಡಲು ಕೈ ಚಾಚಿದೆ. ಭಾವ ನನ್ನ ಮುಂಗೈ ಹಿಡಿದರು. ಗಂಜ್‌ನ ಹರಾಜಿನಲ್ಲಿ ಕಾಣುವ ಹೊಳಪು ಅವರ ಕಣ್ಣಿನಲ್ಲಿತ್ತು.

“ಸುಮ್ಮನಿರು ಮಾರಾಯ” ಎಂದರು, ಮಗಳ ಕಡೆಗೆ ತಿರುಗಿ ದನಿ ತಗ್ಗಿಸಿದರು. “ಇಳಿಯುತ್ತಿದ್ದಾನೆ. ಇನ್ನೂ ಸ್ವಲ್ಪ ಜಗ್ಗು.”