ಟ್ರೂಮನ್ ಕುಡಿದ ಮಜ್ಜಿಗೆ

ಅಳಿಯಂದಿರ ಕೈಯಿಂದ ಟಿವಿಯ ರಿಮೋಟ್ ಕಸಿದುಕೊಳ್ಳುವ ಅಧಿಕಾರ ಯಾವ ಅತ್ತೆಗೂ ಇಲ್ಲ. ಕಾನ್ಸಾಸ್ ಸಿಟಿಯ ಮಗಳ ಮನೆಯಲ್ಲಿ ಡಿಸೆಂಬರ್ ಕಳೆಯಲು ಹೋದವಳು ಇದನ್ನು ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡಿದ್ದೆ. ಆದರೆ ಆ ಸಂಜೆ ತೆರೆಯ ಮೇಲೆ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗೆದ್ದ ಕಾಲೇಜು ತಂಡದ ಕೋಚ್‌ನನ್ನು ಕುರ್ಚಿಯಲ್ಲಿ ಕೂರಿಸಿ ತಲೆಯ ಮೇಲೆ ಮಯೋನೈಸ್ ಸುರಿದರು. ನಾನು ಚಪಾತಿಯ ತಟ್ಟೆ ಪಕ್ಕಕ್ಕಿಟ್ಟೆ. ಬೌಲ್ ಎಂದರೆ ಕಾಲೇಜು ತಂಡಗಳು ಋತುವಿನ ಕೊನೆಗೆ ಆಡುವ ವಿಶೇಷ ಪಂದ್ಯ. ಈ ಪಂದ್ಯಕ್ಕೆ ದುಡ್ಡು ಕೊಟ್ಟದ್ದು ಮಯೋನೈಸ್ ಕಂಪನಿಯಂತೆ. ಹಾಗಾಗಿ ಬೌಲ್‌ನ ಹೆಸರೂ ಮಯೋನೈಸ್, ಅಭಿಷೇಕವೂ ಮಯೋನೈಸ್. ಒರ್ಲಾಂಡೊದ ಇನ್ನೊಂದು ಬೌಲ್‌ನಲ್ಲಿ, 2023ರಲ್ಲಿ, ತಿಂಡಿಯ ವೇಷ ಹಾಕಿದವನೊಬ್ಬನನ್ನು ದೈತ್ಯ ಟೋಸ್ಟರಿನೊಳಗೆ ಇಳಿಸಿ, ಕೆಳಗಿನಿಂದ ಹೊರಬಂದ ಅದೇ ಆಕಾರದ ತಿಂಡಿಯನ್ನು ಗೆದ್ದ ಹುಡುಗರು ಕಿತ್ತು ತಿಂದರಂತೆ.

"ಅದೆಲ್ಲ ಜಾಹೀರಾತು ಅತ್ತೆ, ನೀವು ಆಟ ನೋಡಿ" ಎಂದರು ಅಳಿಯಂದಿರು. ಆಟವೆಲ್ಲಿದೆ? ನಾಲ್ಕು ಕ್ಷಣ ಡಿಕ್ಕಿ ಹೊಡೆಯುತ್ತಾರೆ, ಆಮೇಲೆ ಸಭೆ ಸೇರುತ್ತಾರೆ.

ಅದೇ ಒರ್ಲಾಂಡೊದಲ್ಲಿ 1947ರ ಹೊಸ ವರ್ಷದ ದಿನ ಟ್ಯಾಂಜರಿನ್ ಬೌಲ್ ಎಂಬುದು ಶುರುವಾದಾಗ ಆಡಿದ್ದು ಕಟಾಬಾ ಮತ್ತು ಮೇರಿವಿಲ್ ಎಂಬ ಪುಟ್ಟ ಕಾಲೇಜುಗಳು. ಕಟಾಬಾ 31-6ರಿಂದ ಗೆದ್ದಿತು. ಊರ ತುಂಬ ಕಿತ್ತಳೆ ತೋಟ, ಪಂದ್ಯಕ್ಕೂ ಕಿತ್ತಳೆಯದೇ ಹೆಸರು. ಈಗ ಅದು ಸಿಟ್ರಸ್ ಬೌಲ್ ಆಗಿ ದೊಡ್ಡ ವಿಶ್ವವಿದ್ಯಾಲಯಗಳ ಪಾಲಾಗಿದೆ. ಇಂಡಿಯಾನಾದ ಇವಾನ್ಸ್‌ವಿಲ್‌ನವರು ಫ್ರಿಜ್ ತಯಾರಿಸುತ್ತಿದ್ದರು, 1948ರಿಂದ 1956ರವರೆಗೆ ರೆಫ್ರಿಜರೇಟರ್ ಬೌಲ್ ನಡೆಸಿದರು. ಟ್ಯಾಂಪಾದವರದು ಸಿಗಾರ್ ಬೌಲ್. ನಗು ಬರುತ್ತದೆ, ನಿಜ. ಆದರೆ ತನ್ನ ಊರು ಮಾಡುವ ವಸ್ತುವಿನ ಹೆಸರನ್ನು ತನ್ನ ಪಂದ್ಯಕ್ಕೆ ಇಡುವವರಿಗೂ, ಹೆಸರನ್ನು ಹರಾಜಿಗೆ ಇಡುವವರಿಗೂ ವ್ಯತ್ಯಾಸ ಉಂಟು. ಆ ವ್ಯತ್ಯಾಸ ಏನೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತೆ. ಉದಾಹರಣೆಗೆ ಕೈಗೆ ಸಿಕ್ಕಿದ್ದು ಮಿನರಲ್ ವಾಟರ್ ಬೌಲ್.

ಅದು ನಡೆಯುತ್ತಿದ್ದುದು ಮಗಳ ಮನೆಯಿಂದ ಕಾರಿನಲ್ಲಿ ಸುಲಭವಾಗಿ ಹೋಗಿ ಬರಬಹುದಾದ, ಮಿಸ್ಸೂರಿಯ ಎಕ್ಸೆಲ್ಸಿಯರ್ ಸ್ಪ್ರಿಂಗ್ಸ್‌ನಲ್ಲಿ. 1880ರಲ್ಲಿ ಅಲ್ಲೊಂದು ಬುಗ್ಗೆಯ ಕಬ್ಬಿಣದಂಶದ ನೀರು ರೋಗ ವಾಸಿ ಮಾಡುತ್ತದೆಂದು ಸುದ್ದಿ ಹಬ್ಬಿತು. ನೀರಿನ ಹಿಂದೆ ರೋಗಿಗಳು, ರೋಗಿಗಳ ಹಿಂದೆ ಹೋಟೆಲುಗಳು ಬಂದವು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಸರ್ಕಾರದ ಹಣದಿಂದ ಹಾಲ್ ಆಫ್ ವಾಟರ್ಸ್ ಎಂಬ ನೀರಿನ ಅರಮನೆಯೇ ಎದ್ದಿತು. ಅದರೊಳಗಿನ ನೀರು ಕುಡಿಯುವ ಕಟ್ಟೆ ಪ್ರಪಂಚದಲ್ಲೇ ಉದ್ದದ್ದೆಂದು ಊರಿನವರ ಹೆಮ್ಮೆ. ಬೌಲ್ ಶುರುವಾದದ್ದು 1948ರಲ್ಲಿ.

ಆ ವರ್ಷ ಆ ಊರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ನವೆಂಬರ್ 2, ಅಧ್ಯಕ್ಷ ಚುನಾವಣೆಯ ದಿನ. ಆಗ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಸೋಲುತ್ತಾರೆಂದು ಪತ್ರಿಕೆಗಳೂ ಸಮೀಕ್ಷೆಗಳೂ ಒಕ್ಕೊರಲಿನಿಂದ ಹೇಳಿಯಾಗಿತ್ತು. ಅವರು ತಮ್ಮ ಊರು ಇಂಡಿಪೆಂಡೆನ್ಸ್‌ನಲ್ಲಿ ಬೆಳಿಗ್ಗೆ ಮತ ಹಾಕಿ, ಮಧ್ಯಾಹ್ನದ ಮೇಲೆ ಪತ್ರಕರ್ತರ ಕಣ್ಣು ತಪ್ಪಿಸಿ ಎಕ್ಸೆಲ್ಸಿಯರ್ ಸ್ಪ್ರಿಂಗ್ಸ್‌ನ ಎಲ್ಮ್ಸ್ ಹೋಟೆಲಿಗೆ ಬಂದುಬಿಟ್ಟರು. ಮನೆಯ ಮುಂದೆ ಜಮಾಯಿಸಿದ್ದ ಪತ್ರಕರ್ತರಿಗೆ ಮಗಳು ಮಾರ್ಗರೆಟ್ ಹೊರಬಂದು, ಅಪ್ಪ ಇಲ್ಲಿಲ್ಲ ಎಂದಳು. ಅಪ್ಪ ಇಲ್ಲಿ ಹಬೆ ಸ್ನಾನ ಮುಗಿಸಿ, ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದರು!

ಮಜ್ಜಿಗೆ. ದೇಶದ ಗದ್ದುಗೆ ಕೈ ಬಿಡುವುದೋ ಉಳಿಯುವುದೋ ಎಂಬ ರಾತ್ರಿ. ಓದಿದೊಡನೆ ಈ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವ ಅಳಿಯಂದಿರ ಮೇಲೂ ಹುಟ್ಟಿಲ್ಲ. ಪರೀಕ್ಷಿಸೋಣವೆಂದು ಅಂಗಡಿಯಿಂದ 'ಬಟರ್‌ಮಿಲ್ಕ್' ತರಿಸಿದೆ. ಇಡ್ಲಿ ಹಿಟ್ಟಿನಷ್ಟು ಗಟ್ಟಿ. ಅದನ್ನು ಇಲ್ಲಿನವರು ಪ್ಯಾನ್‌ಕೇಕ್ ಹಿಟ್ಟಿಗೆ ಸುರಿಯುತ್ತಾರಂತೆ. ಕುಡಿಯುವ ವಸ್ತು ಹೀಗಿರಬಾರದು ಎಂದು ನಾಲ್ಕು ಪಾಲು ನೀರು, ಉಪ್ಪು, ಜಜ್ಜಿದ ಶುಂಠಿ, ಇಂಗು ಬೆರೆಸಿ ಕರಿಬೇವು ಹರಿದು ಹಾಕಿದೆ. ಆಗ ಒಂದು ಹದಕ್ಕೆ ಬಂತು. ಟ್ರೂಮನ್ ಉಪ್ಪು ಹಾಕಿಕೊಂಡಿದ್ದರೇ? ನಾನು ತಿರುವಿದ ಪುಸ್ತಕಗಳಲ್ಲಿ ಒಬ್ಬನಾದರೂ ಈ ವಿಷಯ ಎತ್ತಿಲ್ಲ. ಎಷ್ಟು ಗಂಟೆಗೆ ಮಲಗಿದರು, ಯಾರು ಎಬ್ಬಿಸಿದರು ಎಂಬುದೆಲ್ಲ ಬರೆಯುತ್ತಾರೆ, ಉಪ್ಪಿನ ಮಾತು ಬಂದರೆ ಮೌನ. ಚರಿತ್ರೆ ಬರೆಯುವವರು ಅಡುಗೆಮನೆಗೆ ಕಾಲಿಡದವರು ಎಂಬ ನನ್ನ ಹಳೆಯ ಗುಮಾನಿ ಗಟ್ಟಿಯಾಯಿತು. ನಡುರಾತ್ರಿ ಎದ್ದಾಗ ರೇಡಿಯೊದಲ್ಲಿ ಕಾಲ್ಟೆನ್‌ಬಾರ್ನ್ ಎಂಬ ವ್ಯಾಖ್ಯಾನಕಾರ, ಟ್ರೂಮನ್ ಹನ್ನೆರಡು ಲಕ್ಷ ಮತಗಳಿಂದ ಮುಂದಿದ್ದಾರೆ, ಆದರೂ ಸೋಲುವುದು ಖಚಿತ ಎನ್ನುತ್ತಿದ್ದನಂತೆ. ಟ್ರೂಮನ್ ಮತ್ತೆ ಮಲಗಿದರು. ಬೆಳಗಿನ ಜಾವ ಅಂಗರಕ್ಷಕ ಎಬ್ಬಿಸಿದಾಗ ಮುನ್ನಡೆ ಇಪ್ಪತ್ತು ಲಕ್ಷ ದಾಟಿತ್ತು. ಆ ವ್ಯಾಖ್ಯಾನಕಾರನ ಧಾಟಿಯನ್ನು ಅವರು ಆಮೇಲೆ ತುಂಬಿದ ಸಭೆಯಲ್ಲಿ ಅಣಕಿಸಿ ತೋರಿಸಿದರು. ಸಣ್ಣತನವೇ ಇರಬಹುದು, ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಬೌಲ್‌ನ ಮಾತು ಎಲ್ಲಿಗೆ ನಿಂತಿತ್ತು? ಹಾಂ. ಅಲ್ಲಿ ಆಡಿದವರು ಯಾರೂ ಟಿವಿಯ ತಾರೆಗಳಲ್ಲ. 1962ರಲ್ಲಿ ಒಂದೂ ಪಂದ್ಯ ಗೆಲ್ಲದ ನಾರ್ತ್ ಡಕೋಟಾ ಸ್ಟೇಟ್ ಎರಡೇ ವರ್ಷದಲ್ಲಿ ಅಲ್ಲಿಗೆ ಬಂದು ವೆಸ್ಟರ್ನ್ ಸ್ಟೇಟ್ ತಂಡವನ್ನು 14-13ರಿಂದ, ಅಂದರೆ ಒಂದೇ ಅಂಕದಿಂದ, ಮಣಿಸಿತು. 1970ರ ದಶಕದಲ್ಲಿ ಬೌಲ್ ನಿಂತುಹೋಯಿತು. ಎರಡು ದಶಕಕ್ಕೂ ಹೆಚ್ಚು ಕಾಲದ ಮೇಲೆ ಮತ್ತೆ ಎದ್ದಾಗ, ಪ್ಲೇಆಫ್‌ಗೆ (ಚಾಂಪಿಯನ್‌ನನ್ನು ನಿರ್ಧರಿಸುವ ಪಂದ್ಯಗಳಿಗೆ) ಆಯ್ಕೆಯಾಗದ, ಕಾಲೇಜು ಆಟದ ಎರಡನೇ ದರ್ಜೆಯಾದ ಡಿವಿಷನ್ ಎರಡರ ತಂಡಗಳು ಅಲ್ಲಿನ ಪ್ರೌಢಶಾಲೆಯ ಮೈದಾನದಲ್ಲೇ ಡಿಸೆಂಬರ್ ಚಳಿಯಲ್ಲಿ ಆಡಿದವು. ಯಾರ ತಲೆಯ ಮೇಲೂ ಯಾರೂ ಏನನ್ನೂ ಸುರಿಯಬೇಕಾಗಿಲ್ಲ. ಸುರಿದರೂ ನೀರು ತಾನೆ, ಒರೆಸಿಕೊಂಡರಾಯಿತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 1967ರ ಪಂದ್ಯ. ನೆಬ್ರಾಸ್ಕಾದ ಡೋನ್ ಕಾಲೇಜು 14, ಪಕ್ಕದ ಲಿಬರ್ಟಿ ಊರಿನ ವಿಲಿಯಂ ಜುವೆಲ್ ಕಾಲೇಜು 14. ಅಷ್ಟೇ, ಮುಗಿಯಿತು. ಈಗಿನ ನಿಯಮದಲ್ಲಿ ಹಾಗೆ ಬಿಡುವುದಿಲ್ಲ, ಒಬ್ಬರು ಸೋಲುವ ತನಕ ಆಡಿಸುತ್ತಾರೆ. ಎರಡು ಊರಿನವರೂ ತಲೆ ಎತ್ತಿಕೊಂಡು ಊಟಕ್ಕೆ ಹೋದರೆ ಇವರ ಗಂಟೇನು ಹೋಗುತ್ತದೆ? ಇದನ್ನು ಅಳಿಯಂದಿರಿಗೆ ಹೇಳಿದೆ. ಐದು ದಿನ ಆಡಿ ಡ್ರಾ ಆದ ಟೆಸ್ಟ್ ಪಂದ್ಯಗಳನ್ನು ಶಾಲೆ ತಪ್ಪಿಸಿ ನೋಡಿ ಬೆಳೆದ ಮನುಷ್ಯ, "ಡ್ರಾ ಆದರೆ ಏನು ಮಜಾ ಅತ್ತೆ?" ಎಂದರು.