ಹಂಚಿಹೋದ ಹಂಚು

"ಹಿತ್ತಲ ಸೌದೆ ಕೊಟ್ಟಿಗೆ ಕೆಡವಬೇಕಿತ್ತು ಆಚಾರ್ರೇ, ಯಾವಾಗ ಬರ್ತೀರಿ?" ಎಂದು ಫೋನ್ ಮಾಡಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೆಡವೋದಾದ್ರೆ ಜೆಸಿಬಿಯವನಿಗೆ ಹೇಳಿ ಮೇಷ್ಟ್ರೇ. ಬಿಚ್ಚೋದಾದ್ರೆ ನಾನು ಬರ್ತೇನೆ" ಎಂದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಬಿಚ್ಚುವುದು ಬೇರೆ, ಕೆಡವುವುದು ಬೇರೆ ಅಂತ ಬಡಗಿಯೊಬ್ಬರಿಂದ ಹೇಳಿಸಿಕೊಳ್ಳಬೇಕಾಯಿತು. ನಮ್ಮ ಸಾಗರದ ಕಡೆ ಹಂಚಿನ ಮನೆಯನ್ನು ಯಾರೂ ಕೆಡವುವುದಿಲ್ಲ, ಬಿಚ್ಚುತ್ತಾರೆ. ಅಂಗಿ ಬಿಚ್ಚಿದ ಹಾಗೆ. ಮತ್ತೆ ಯಾರಾದರೂ ತೊಡುವ ಹಾಗಿರಬೇಕು.

ಕೊಟ್ಟಿಗೆ ಬಿಚ್ಚುವ ನಿರ್ಧಾರಕ್ಕೆ ಕಾರಣ ಸೋಲಾರ್. ತಾರಸಿ ಮೇಲೆ ಬಿಸಿನೀರಿನ ಟ್ಯಾಂಕು ಕೂತ ಮೇಲೆ ಬಚ್ಚಲ ಹಂಡೆ ಒಲೆಗೆ ಕೆಲಸವಿಲ್ಲ. ಒಲೆಗೇ ಕೆಲಸವಿಲ್ಲದ ಮೇಲೆ ಸೌದೆ ಯಾಕೆ, ಸೌದೆಯೇ ಇಲ್ಲದ ಮೇಲೆ ಸೌದೆ ಕೊಟ್ಟಿಗೆ ಯಾಕೆ? ಫೆಬ್ರವರಿ ಬಿಸಿಲಲ್ಲಿ ಕೂತು ಈ ತರ್ಕ ಮಾಡಿದ್ದೆ. ಹಾಗೆ ಹೊಳೆದ ತರ್ಕವನ್ನು ಮಲೆನಾಡಿನವರು ಜೂನ್‌ವರೆಗಾದರೂ ಕಾದು ನೋಡಬೇಕು. ನಾನು ಕಾಯಲಿಲ್ಲ.

ಮೊದಲು ಒಳಗಿದ್ದದ್ದನ್ನು ಹೊರಗೆ ಹಾಕಬೇಕಿತ್ತಲ್ಲ. ಸೌದೆ ಇದ್ದದ್ದು ಕಾಲು ಭಾಗ ಮಾತ್ರ. ಉಳಿದದ್ದೆಲ್ಲ 'ಯಾವುದಕ್ಕೂ ಇರಲಿ'. ಪ್ರತಿ ಮನೆಯಲ್ಲೂ ಒಂದು ಯಾವುದಕ್ಕೂ-ಇರಲಿ ಖಾತೆ ಇರುತ್ತದೆ, ನಮ್ಮದು ಹಿತ್ತಲಲ್ಲಿತ್ತು ಅಷ್ಟೆ. ಹಿಡಿ ಇಲ್ಲದ ಕೊಡಲಿ, ಕೊಡಲಿ ಇಲ್ಲದ ಹಿಡಿ. ಗಾಜು ಒಡೆದ ಲಾಟೀನು. ಒಂದೇ ಒಂದು ಸೈಕಲ್ ಪೆಡಲು, ಅದೂ ಎಡಗಾಲಿನದ್ದು. ದೂರದರ್ಶನ ನೋಡುತ್ತಿದ್ದ ಕಾಲದ ಆಂಟೆನಾ, ಮೀನಿನ ಮೂಳೆಯ ಹಾಗೆ ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಿಲ್ಲದೆಯೇ "ಬಂತಾ? ಈಗ ಬಂತಾ?" ಎಂದು ಕೂಗಬೇಕು ಅನ್ನಿಸಿತು. ನಮ್ಮ ಕಾಲದವರಿಗೆ ಅರ್ಥವಾಗುತ್ತದೆ. ಗುಜರಿಯವನಿಗೆ ಎಲ್ಲ ಒಟ್ಟು ಹಾಕಿ ಕೊಟ್ಟುಬಿಡು ಎಂದು ಇವಳಿಗೆ ಹೇಳಿ ನಾನು ಆಚಾರ್ರ ಜೊತೆ ನಿಂತೆ.

ಆಚಾರ್ರಿಗೆ ಎಪ್ಪತ್ತು ದಾಟಿದೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ಗಾದೆ ಅವರ ಹತ್ತಿರ ನಡೆಯುವುದಿಲ್ಲ. ಅವರು ದೊಣ್ಣೆ ತಂದೇ ಇರಲಿಲ್ಲ. ಮೊದಲು ಮಾಡಿನ ತುದಿಯ ಹಂಚು, ಆಮೇಲೆ ಒಂದೊಂದೇ ಸಾಲು ಕೆಳಗೆ. ಮಂಗಳೂರು ಹಂಚು ಒಂದಕ್ಕೊಂದು ಕೈ ಹಿಡಿದುಕೊಂಡು ಕೂತಿರುತ್ತದೆ. ಗಾರೆ ಇಲ್ಲ, ಮೊಳೆ ಇಲ್ಲ. ಹಿಂದಿನ ಮೂಗು ರೀಪಿಗೆ ಸಿಕ್ಕಿಸಿದ್ದು, ಪಕ್ಕದ ಅಂಚು ಪಕ್ಕದ ಹಂಚಿನ ತೋಡಿನಲ್ಲಿ ಕೂತದ್ದು. ಸರಿಯಾಗಿ ಎತ್ತಿದರೆ ಕೈಗೆ ಬರುತ್ತದೆ, ಎಳೆದರೆ ಪಕ್ಕದ್ದನ್ನೂ ಒಡೆಯುತ್ತದೆ. ಮೇಲಿಂದ ಅವರು ಕೊಡುವುದು, ಏಣಿ ಮೇಲಿನ ಹುಡುಗ ಹಿಡಿಯುವುದು, ನಾನು ಜೋಡಿಸಿಡುವುದು. ಒಂದು ಹಂಚು ಎರಡು, ಎರಡೂವರೆ ಕೆಜಿ ತೂಗುತ್ತದೆ. ಒಟ್ಟು ಇನ್ನೂರ ಎಂಬತ್ತು ಹಂಚು. ಆರುನೂರು ಕೆಜಿಗಿಂತ ಜಾಸ್ತಿ ಭಾರ ನಮ್ಮ ತಲೆ ಮೇಲೆ ಇಷ್ಟು ವರ್ಷ ಸುಮ್ನೆ ಕೂತಿತ್ತು ಅಂತ ಗೊತ್ತಾಗಿದ್ದು ಸಂಜೆ ನನ್ನ ಸೊಂಟಕ್ಕೆ.

ಕೆಲವು ಹಂಚಿನ ಹಿಂದೆ ಬಾಸೆಲ್ ಮಿಷನ್ ಎಂಬ ಅಚ್ಚು, 1865 ಎಂಬ ಇಸವಿ. ಅಷ್ಟರಲ್ಲಿ ಹೋಂಸ್ಟೇ ಮಾಡುತ್ತಿರುವ ಊರಿನ ಹುಡುಗನೊಬ್ಬ ಬಂದ. "ಸರ್, ನೂರೈವತ್ತು ವರ್ಷ ಹಳೇದು!" ಎಂದು ಅದರ ಫೋಟೋ ತೆಗೆದುಕೊಂಡ. ಅದು ಹಂಚು ಹುಟ್ಟಿದ ವರ್ಷ ಅಲ್ಲ ಮಾರಾಯಾ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಕಾರ್ಖಾನೆ ಶುರುಮಾಡಿದ ವರ್ಷ, ಆಮೇಲೆ ಸುಟ್ಟ ಹಂಚಿಗೂ ಅದನ್ನೇ ಒತ್ತುತ್ತಿದ್ದರು ಎಂದೆ. ಅವನ ಮುಖ ಸ್ವಲ್ಪ ಬಾಡಿತು. ಆದರೂ ಅಚ್ಚಿರುವ ಇಪ್ಪತ್ತು ಹಂಚು ಆರಿಸಿಕೊಂಡ. ಊಟದ ಹಾಲಿನ ಗೋಡೆಗೆ ನೇತುಹಾಕುತ್ತಾನಂತೆ. ನೆತ್ತಿ ಕಾಯುತ್ತಿದ್ದ ಹಂಚಿಗೆ ಇನ್ನು ಗೋಡೆ ಮೇಲೆ ಬಿಟ್ಟಿ ಊಟ. ಇಸವಿ ವಿಚಾರ ಅವನು ಗಿರಾಕಿಗಳಿಗೆ ಹೇಗೆ ಹೇಳುತ್ತಾನೋ ನಾನು ಕೇಳಲು ಹೋಗಲಿಲ್ಲ.

ನಿಜವಾಗಿ ಆ ಹಂಚಿಗೆ ಇದು ಎರಡನೇ ಸಲ ಬಿಚ್ಚಿಸಿಕೊಳ್ಳುವ ಯೋಗ. ಅಪ್ಪಯ್ಯ ಅದನ್ನು ಅಜ್ಜನ ಹಳೇ ಮನೆಯಿಂದ ಬಿಚ್ಚಿ, ಗಾಡಿಯಲ್ಲಿ ಹುಲ್ಲು ಹಾಸಿ ತಂದಿದ್ದರು. ಮತ್ತಿ ಕಂಬ, ಮಾಡಿನ ಇಳಿಜಾರಿಗೆ ಹಲಸಿನ ಪಕಾಸು, ರೀಪಿನ ಜಾಗದಲ್ಲಿ ಅಡಿಕೆ ಮರ ಸೀಳಿದ ದಬ್ಬೆ. ಮೊಳೆ ಕೂಡ ಹಳೆಯದೇ. ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು ಅಪ್ಪಯ್ಯನ ಮಳೆಗಾಲದ ಕೆಲಸ. ಆಚಾರ್ರೂ ಈಗ ಅದೇ ಮೊಳೆಗಳನ್ನು ಒಂದೊಂದಾಗಿ ಕಿತ್ತು ತೆಂಗಿನ ಗರಟೆಯಲ್ಲಿ ಹಾಕಿಟ್ಟುಕೊಂಡರು. "ಇವು ಮೊದಲೂ ನೆಟ್ಟಗಾಗಿದ್ದಾವೆ" ಎಂದು ಒಂದನ್ನು ತಿರುಗಿಸಿ ನೋಡಿ ಹೇಳಿದರು.

ಮೂರು ದಿನದಲ್ಲಿ ಅಪ್ಪಯ್ಯನ ಕೊಟ್ಟಿಗೆ ಊರೆಲ್ಲ ಹಂಚಿಹೋಯಿತು. ಹಂಚು ಎಂಬ ಮಾತಿಗೆ ಹಂಚುವುದು ಎಂಬ ಅರ್ಥವೂ ಇರುವುದು ಸುಮ್ಮನೆ ಅಲ್ಲ ಅನ್ನಿಸಿತು (ವ್ಯಾಕರಣದವರು ಒಪ್ಪಲಿಕ್ಕಿಲ್ಲ, ನಾನೂ ತರಗತಿಯಲ್ಲಾದರೆ ಒಪ್ಪುತ್ತಿರಲಿಲ್ಲ). ಇನ್ನೂರು ಹಂಚು ಆಚಾರ್ರ ತಂಗಿ ಮಗನ ದನದ ಕೊಟ್ಟಿಗೆಗೆ ಹೋಯಿತು. ಪಕಾಸು ಪಕ್ಕದ ಮನೆಯವರ ಅಡಿಕೆ ಒಣಗಿಸುವ ಅಟ್ಟಕ್ಕೆ. ಮಣ್ಣುಗೋಡೆಯನ್ನು ಅಗೆದು ಅಡಿಕೆ ಮರದ ಬುಡಕ್ಕೆ ಹಾಕಿದೆವು. ಒಡೆದ ಹಂಚಿನ ಚೂರನ್ನು ಮಳೆಗಾಲದಲ್ಲಿ ಜಾರುವ ಬಚ್ಚಲ ದಾರಿಗೆ ಹಾಸಿದೆವು. ಒರಲೆ ತಿಂದ ದಬ್ಬೆ ಮಾತ್ರ ಯಾರಿಗೂ ಬೇಡ. ಅದನ್ನು ಒರಲೆಗೇ ಬಿಟ್ಟೆವು. ಅವೂ ಎಷ್ಟೋ ವರ್ಷದಿಂದ ಕೆಲಸ ಮಾಡಿದ್ದಾವೆ, ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲ.

ಇಷ್ಟು ಆದಮೇಲೆ ಉಳಿದದ್ದು ನನ್ನ ಭಾಗ.

1994ರಲ್ಲಿ ನನಗೆ ಹೊಸದಾಗಿ ಇನ್‌ಕ್ರಿಮೆಂಟ್ ಬಂದಿತ್ತು. ಕೊಟ್ಟಿಗೆಗೆ ಒಂದು ಇಳಿಮಾಡು ಸೇರಿಸಿ, ಎಂಟಡಿಯ ನಾಲ್ಕು ಸಿಮೆಂಟ್ ಶೀಟು ಹೊದೆಸಿದೆ. ನಾನೇ ಕೈ ಡ್ರಿಲ್ಲಿನಲ್ಲಿ ತೂತು ಕೊರೆದೆ. ಬೂದಿಯಂಥ ಪುಡಿ ಬಿತ್ತು, ಅದನ್ನು ಬಾಯಿಂದ ಊದಿ ಊದಿ ತೆಗೆದೆ. ಅಪ್ಪಯ್ಯ ಕವಳ ಹಾಕಿಕೊಂಡು ನೋಡುತ್ತಾ ನಿಂತಿದ್ದರು. "ಇದೇನು, ಹಂಚಿಗಿಂತ ಗಟ್ಟಿಯಾ?" ಎಂದು ಕೇಳಿದರು. "ವರ್ಷ ವರ್ಷ ಕೈಯಾಡಿಸುವ ರಗಳೆ ಇಲ್ಲ ಅಪ್ಪಯ್ಯ, ಇದು ಪರ್ಮನೆಂಟು" ಎಂದಿದ್ದೆ.

ಮಾತು ನಿಜವಾಯಿತು ನೋಡಿ.

ಗುಜರಿಯವನು ದೂರದಿಂದಲೇ ಕೈ ಆಡಿಸಿದ. ಕಸದ ಗಾಡಿಯವರು ಹಸಿ ಕಸ, ಒಣ ಕಸ ಎರಡೇ ಗೊತ್ತು ಎಂದರು. ಇದು ಹಸಿಯಂತೂ ಅಲ್ಲವಲ್ಲ ಎಂದು ನಾನು ವಾದ ಮಾಡಿದೆ, ಗಾಡಿ ಹಾಡು ಹಾಕಿಕೊಂಡು ಮುಂದೆ ಹೋಯಿತು. ಆಚಾರ್ರು "ಒಂದು ಏಟು ಕೊಟ್ಟರೆ ಚೂರಾಗ್ತದೆ, ರಸ್ತೆ ಗುಂಡಿಗೆ ಹಾಕಿದರಾಯ್ತು" ಎಂದು, ಎಂದೂ ಇಲ್ಲದವರು ಸುತ್ತಿಗೆ ಕೇಳಿದರು. ಅವರ ಲೆಕ್ಕದಲ್ಲಿ ಶೀಟು ಬಿಚ್ಚುವ ಮರ್ಯಾದೆಗೆ ತಕ್ಕ ವಸ್ತುವಲ್ಲ. ಅದೇ ಹೊತ್ತಿಗೆ ಮೆಲ್ಬರ್ನ್‌ನಿಂದ ಮಗಳ ವಿಡಿಯೋ ಕರೆ ಬಂತು. ಹಿತ್ತಲು ತೋರಿಸಿದೆ. "ಅಪ್ಪಾ, ಒಡೀಬೇಡಿ! ಅದು ಕಲ್ನಾರು!" ಎಂದು ಅವಳು ಕಿರುಚಿದ್ದಕ್ಕೆ ಆಚಾರ್ರು ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಆಸ್ಬೆಸ್ಟಾಸ್‌ಗೆ ಕಲ್ನಾರು ಎಷ್ಟು ಒಳ್ಳೆಯ ಮಾತು, ಅಲ್ವಾ? ಕಲ್ಲಿನಲ್ಲಿ ಹುಟ್ಟಿದ ನಾರು. ನಮ್ಮ ಬಾಳೆನಾರಿನ ಹಾಗೆ ಸಿಗಿದಷ್ಟೂ ತೆಳ್ಳಗಾಗುತ್ತದೆ, ಕೊನೆಗೆ ಕಣ್ಣಿಗೇ ಕಾಣುವುದಿಲ್ಲ. ಸಿಮೆಂಟಿನ ಜೊತೆ ಕಲಸಿದ ಇದು ಶೀಟು ಮುರಿಯದೆ ಇರುವಷ್ಟು ದಿನ ಬಹುಮಟ್ಟಿಗೆ ತೆಪ್ಪಗಿರುತ್ತದೆ. ಕೊರೆದರೆ, ಗರಗಸ ಹಾಕಿದರೆ, ಒಡೆದರೆ ಗಾಳಿಗೆ ಏಳುತ್ತದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಕೂತರೆ ಕ್ಯಾನ್ಸರ್ ಬರಬಹುದು, ಅದೂ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ. ನಾನು ಮನಸ್ಸಿನಲ್ಲೇ 1994ರಿಂದ ಬೆರಳು ಮಡಚಿ ಎಣಿಸಿದೆ. ನಾಲ್ಕು ಶೀಟಿಗೆ ಹದಿನಾರು ತೂತು. ಹೆದರಬೇಡಿ, ದಿನವೂ ಅದೇ ಕೆಲಸ ಮಾಡಿದವರಿಗೆ ಅಪಾಯ ಜಾಸ್ತಿ ಎಂದು ಮಗಳು ಆಮೇಲೆ ಸಮಾಧಾನ ಹೇಳಿದಳು. ಆದರೂ ಆ ರಾತ್ರಿ ಒಂದೆರಡು ಸಲ ಸುಮ್ನೆ ಕೆಮ್ಮಿ ನೋಡಿದೆ.

ಆಸ್ಟ್ರೇಲಿಯಾದಲ್ಲಿ ಹಿತ್ತಲ ಶೆಡ್ಡು ಎಂದರೆ ಮೊದಲು ಕಲ್ನಾರಿನ ನೆನಪಂತೆ. ಒಂದು ಕಾಲದಲ್ಲಿ ಊರೆಲ್ಲ ಅದನ್ನೇ ಬಡಿದಿದ್ದಾರೆ. 2003ರ ಕೊನೆಗೆ ಪೂರ್ತಿ ನಿಷೇಧ ಮಾಡಿದರು. ನಮ್ಮಲ್ಲಿ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಹೆಚ್ಚಿನ ಕಡೆ ಹತ್ತು ಚದರ ಮೀಟರ್‌ವರೆಗೆ ಮನೆಯವರೇ ಹುಷಾರಾಗಿ ತೆಗೆಯಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಲೈಸೆನ್ಸ್ ಇದ್ದವರೇ ಬರಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಚೀಟಿ ಅಂಟಿಸಿ, ಗೊತ್ತು ಮಾಡಿದ ಜಾಗದಲ್ಲೇ ಹೂಳಬೇಕು. ನಾನು ಟೇಪು ಹಿಡಿದು ನಮ್ಮ ನಾಲ್ಕು ಶೀಟು ಅಳೆದೆ. ಹತ್ತೂಕಾಲು ಚದರ ಮೀಟರ್! ಅಲ್ಲಿ ಅಂಥ ಕಡೆ ಇದ್ದಿದ್ದರೆ ಆ ಕಾಲು ಮೀಟರಿಗಾಗಿ ಎಷ್ಟು ಡಾಲರ್ ಕಕ್ಕಬೇಕಿತ್ತೋ.

ಆಸ್ಬೆಸ್ಟಾಸ್ ಎಂಬ ಹೆಸರು ಗ್ರೀಕಿನದು, ಆರದ್ದು ಎಂದು ಅರ್ಥ. ನನ್ನ ಇಂಗ್ಲಿಷು 'ಪರ್ಮನೆಂಟು' ಅದಕ್ಕೆ ಹೆಚ್ಚುಕಡಿಮೆ ಸರಿಯಾದ ಅನುವಾದವೇ ಆಗಿತ್ತು.

ಕೊನೆಗೆ ಆಚಾರ್ರ ಕೈಲಿ ಶೀಟನ್ನೂ ಬಿಚ್ಚಿಸಿದೆ. ಬಾಯಿಗೆ ಮಾಸ್ಕು, ಪೈಪಿನಲ್ಲಿ ನೀರು ಬಿಟ್ಟು ತೋಯಿಸಿದ್ದು, ತುಕ್ಕು ಹಿಡಿದ ಬೋಲ್ಟನ್ನು ಮಾತ್ರ ಕೊಯ್ದದ್ದು. ಮುತ್ತೈದೆಗೆ ಸೀರೆ ಉಡಿಸಿದ ಹಾಗೆ ನೀಲಿ ಟಾರ್ಪಾಲಿನಲ್ಲಿ ಎರಡು ಸುತ್ತು ಸುತ್ತಿ, ಹಲಸಿನ ಮರದ ಆಚೆ ಮಲಗಿಸಿದೆವು. ಮೇಲೆ 'ಮುಟ್ಟಬಾರದು, ಒಡೆಯಬಾರದು' ಎಂದು ನನ್ನ ದುಂಡಗಿನ ಮೇಷ್ಟ್ರ ಅಕ್ಷರದಲ್ಲಿ ಬರೆದೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳಬೇಡಿ. ವಾರಕ್ಕೊಬ್ಬರು ಬಂದು, "ಕೋಳಿಗೂಡಿಗೆ ಒಂದು ಕೊಡ್ತೀರಾ ಮೇಷ್ಟ್ರೇ?" ಎನ್ನುತ್ತಾರೆ. ಇಲ್ಲ ಎಂದರೆ ಜಿಪುಣ ಎಂದುಕೊಂಡು ಹೋಗುತ್ತಾರೆ.

ಆಮೇಲೆ ಜೂನ್ ಬಂತು. ನಮ್ಮ ಕಡೆ ಜೂನ್ ಅಂದರೆ ಗೊತ್ತಲ್ಲ, ಸೂರ್ಯ ರಜೆ ಹಾಕಿದರೆ ಮತ್ತೆ ಹಾಜರಿ ಹಾಕುವುದು ಗಣೇಶನ ಹಬ್ಬದ ಹೊತ್ತಿಗೆ. ಸೋಲಾರ್ ನಲ್ಲಿಯಲ್ಲಿ ಬಾವಿನೀರಿಗಿಂತ ತಣ್ಣಗಿನ ನೀರು. ಮೂರನೇ ದಿನ ಇವಳು ಹಂಡೆ ಉಜ್ಜಿ ಒಲೆ ಮೇಲಿಟ್ಟಳು. "ಸೌದೆ ಎಲ್ಲಿ?" ಎಂದೆ. ಜಗಲಿಯ ಕಡೆ ಕೈ ತೋರಿಸಿದಳು. ಎರಚಲು ನೀರಿಗೆ ತೋಯ್ದ ಕಟ್ಟಿಗೆ ರಾಶಿ, ಅದರ ಪಕ್ಕದಲ್ಲಿ ಹಿಡಿ ಇಲ್ಲದ ಕೊಡಲಿ, ಅದಕ್ಕೆ ಒರಗಿ ಆಂಟೆನಾ. ಗುಜರಿಯವನು ಅದಕ್ಕೆ ತೀರಾ ಕಡಿಮೆ ಕೊಡುತ್ತೇನೆಂದನಂತೆ.

ಆಚಾರ್ರಿಗೆ ಫೋನ್ ಮಾಡಿದೆ. ಸಣ್ಣದಾಗಿ, ನಾಲ್ಕು ಕಂಬದ್ದು, ಸೌದೆ ನೆನೆಯದಷ್ಟು. "ಕಂಬ ನೆಡೋಣ. ಮೇಲೆ ಏನು ಹೊದೆಸ್ತೀರಿ?" ಎಂದು ಕೇಳಿದರು.

ಮಾರನೇ ದಿನ ಕೊಡೆ ಹಿಡಿದು ಅವರ ತಂಗಿ ಮಗನ ಮನೆಗೆ ಹೋದೆ. ಒಂದೈವತ್ತು ಹಂಚು ವಾಪಸ್ ಕೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕೊಟ್ಟಿಗೆಯಲ್ಲಿ ಗಬ್ಬದ ದನ ಬೆಚ್ಚಗೆ ಮಲಗಿ ಮೆಲುಕು ಹಾಕುತ್ತಿತ್ತು. ಒಂದು ಹನಿ ಸೋರುತ್ತಿರಲಿಲ್ಲ. ಟೀ ಕೊಟ್ಟರು. ಹಂಚು ಚೆನ್ನಾಗಿ ಕೂತಿದೆ ಎಂದು ಹೇಳಿ, ಕುಡಿದು ಬಂದೆ.